ಕೋವಿಯ ಬಾಯಿಯೂ ನೆರೆಯವನ ಕಿವಿಯೂ

ಧರ್ಮಸೂಕ್ಷ್ಮವು ದೊಡ್ಡ ದೊಡ್ಡ ಪ್ರಸಂಗಗಳಲ್ಲಿ ಮಾತ್ರ ಕಾಣಬರತಕ್ಕದ್ದೆಂದು ತಿಳಿದಿರುವವರು ಬಹುಮಂದಿ. ರಾಜ್ಯವನ್ನು ಬಿಡುವುದೋ ಇಟ್ಟುಕೊಳ್ಳುವುದೋ, ಬಂಧುಗಳೊಡನೆ ಯುದ್ಧಮಾಡುವುದೋ ಬಿಡುವುದೋ ಎಂಬಂತಹ ಪ್ರಶ್ನೆಗಳು ಎದ್ದಾಗ ನಾವು ಗ್ರಂಥಗಳನ್ನು ತೆರೆಯುತ್ತೇವೆ. ಆದರೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಉಕ್ಕಿನ ಕೊಳವೆಯನ್ನು ಕೊಳ್ಳುವಾಗಲೂ ಅದೇ ಧರ್ಮಸೂಕ್ಷ್ಮವು ನಮ್ಮೆದುರಿಗೆ ಬಂದು ನಿಲ್ಲಬಹುದು. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿನ ಸ್ನೇಹಿತರೊಡನೆ ಶರತ್ಕಾಲದಲ್ಲಿ ಜಿಂಕೆಯ ಬೇಟೆಗೆ ಹೋಗುವ ಅಭ್ಯಾಸವನ್ನು ಮಾಡಿಕೊಂಡಿದ್ದಾನೆ. ತನ್ನ ಕೋವಿಯ ನಳಿಗೆಯ ತುದಿಗೆ ಯಾವ ಸಾಧನವನ್ನು ತೊಡಿಸುವುದು ಯುಕ್ತವೆಂದು ಅವನು ನನ್ನನ್ನು ಕೇಳಿ ಬರೆದನು. ಕಾವ್ಯ ವ್ಯಾಕರಣಗಳನ್ನು ಹೇಳಿಕೊಟ್ಟು ಕಾಲ ಕಳೆದವನಿಗೆ ಕೋವಿಯ ಚಿಂತೆ ಏತಕ್ಕೆಂದು ವಾಚಕರು ನಗಬಹುದು. ನಮ್ಮ ದೇಶದಲ್ಲಿಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವಿನೋದಕ್ಕಾಗಿ ಬೇಟೆಯಾಡುವುದನ್ನು ನಿಷೇಧಿಸಿದೆ. ಅದು ಸರಿಯೇ ಆಯಿತು. ಆದರೂ ಆ ಪ್ರಶ್ನೆಯನ್ನು ತಿರುತಿರುಗಿಸಿ ನೋಡಿದಷ್ಟೂ ಅದು ಬರಿಯ ಯಂತ್ರಶಾಸ್ತ್ರದ ಪ್ರಶ್ನೆಯಲ್ಲವೆಂದೂ, ಕೋವಿಯನ್ನು ಎಂದೂ ಮುಟ್ಟದಿರುವ ಗೃಹಸ್ಥರಿಗೂ ಅದರಲ್ಲಿ ಪಾಲುಂಟೆಂದೂ ನನಗೆ ತೋರಿತು.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಕೋವಿಯೊಳಗಿನ ಮದ್ದು ಹೊತ್ತಿಕೊಂಡಾಗ ಹುಟ್ಟುವ ಉರಿಗಾಳಿಯು ಗುಂಡನ್ನು ನಳಿಗೆಯಿಂದ ಹೊರಕ್ಕೆ ತಳ್ಳುತ್ತದೆ. ಗುಂಡು ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಬಂದು ಹೆಗಲನ್ನು ಒದೆಯುತ್ತದೆ. ಗುಂಡಿನ ಬೆನ್ನ ಹಿಂದೆಯೇ ಆ ಗಾಳಿಯೂ ನಳಿಗೆಯ ಬಾಯಿಯಿಂದ ರಭಸವಾಗಿ ನುಗ್ಗಿ, ಒದೆತಕ್ಕೆ ತನ್ನ ಪಾಲನ್ನು ಸೇರಿಸುವುದಲ್ಲದೆ ಸಿಡಿಲಿನಂತಹ ಶಬ್ದವನ್ನೂ ಮಾಡುತ್ತದೆ. ಹೀಗೆ ಒಂದೇ ಕ್ರಿಯೆಯಿಂದ ಹೆಗಲಿಗೆ ಒದೆತ, ಕಿವಿಗೆ ಆಘಾತ, ಕಣ್ಣಿಗೆ ಮಿಂಚು ಎಂಬ ಮೂರು ಬಾಧೆಗಳು ಹುಟ್ಟುತ್ತವೆ. ಅವುಗಳ ನಿವಾರಣೆಗೆಂದು ಮೂರು ವಿಧವಾದ ಸಾಧನಗಳು ಮಾರಾಟಕ್ಕೆ ಬಂದಿವೆ.

ಮಿಂಚನ್ನು ತಗ್ಗಿಸತಕ್ಕದ್ದು ಫ್ಲ್ಯಾಶ್ ಹೈಡರ್. ಹಗಲಿನಲ್ಲಿ ಬೇಟೆಯಾಡುವವನಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡಬಹುದು. ಒದೆತವನ್ನು ತಗ್ಗಿಸತಕ್ಕದ್ದು ಮಜಲ್ ಬ್ರೇಕ್. ಇದರ ಪಕ್ಕಗಳಲ್ಲಿ ಕಿಂಡಿಗಳಿರುತ್ತವೆ. ಮುಂದಕ್ಕೆ ನುಗ್ಗಬೇಕಾದ ಗಾಳಿಯು ಅವುಗಳ ಗೋಡೆಗೆ ಬಡಿದು, ಎಡಬಲಗಳಿಗೂ ಸ್ವಲ್ಪಮಟ್ಟಿಗೆ ಹಿಂದಕ್ಕೂ ತಿರುಗುತ್ತದೆ. ಆ ಬಡಿತದಿಂದ ಕೋವಿಯು ಮುಂದಕ್ಕೆ ಎಳೆಯಲ್ಪಟ್ಟು ಒದೆತವು ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೂ ಕಡಿಮೆಯಾಗುತ್ತದೆ. ಶಬ್ದವನ್ನು ತಗ್ಗಿಸತಕ್ಕದ್ದು ಸೈಲೆನ್ಸರ್. ಸಪ್ರೆಸರ್ ಎಂದೂ ಹೇಳುವರು. ಅದರೊಳಗೆ ಒಂದರ ಮುಂದೊಂದು ತಡೆಗಳಿದ್ದು ಚಿಕ್ಕ ಚಿಕ್ಕ ಕೋಣೆಗಳಾಗಿರುತ್ತವೆ. ಗಾಳಿಯು ಆ ಕೋಣೆಗಳಲ್ಲಿ ಸುಳಿದು, ಹರಡಿ, ತಣಿದು, ನಿಧಾನವಾಗಿ ಹೊರಬೀಳುತ್ತದೆ. ಶಬ್ದದೊಡನೆ ಒದೆತವೂ ಸ್ವಲ್ಪ ತಗ್ಗುತ್ತದೆ. ಆದರೆ ಕೋವಿಯು ಒಂದು ಗೇಣಿನಷ್ಟು ಉದ್ದವಾಗುತ್ತದೆ, 300ರಿಂದ 500 ಗ್ರಾಮಿನವರೆಗೆ ಭಾರವೂ ಹೆಚ್ಚುತ್ತದೆ.

ಸೈಲೆನ್ಸರಿನ ಹುಟ್ಟಿನಲ್ಲಿಯೇ ಒಂದು ನೀತಿಕಥೆಯುಂಟು. ಹೈರಮ್ ಮ್ಯಾಕ್ಸಿಮ್ ಎಂಬ ಪ್ರಸಿದ್ಧ ಯಂತ್ರಜ್ಞನು 1884ರಲ್ಲಿ ತಾನೇ ತಾನಾಗಿ ಗುಂಡುಗಳನ್ನು ಸುರಿಸುವ ಮೆಷಿನ್ ಗನ್ನನ್ನು ನಿರ್ಮಿಸಿದನು. ಅದರ ಗರ್ಜನೆಯನ್ನು ಕೇಳಿ ಕೇಳಿ ಆತನ ಕಿವಿಗಳೇ ಕೆಟ್ಟು ಮುಪ್ಪಿನಲ್ಲಿ ಕಿವುಡನಾದನು. ಆತನ ಮಗನಾದ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಕೋವಿಯ ಶಬ್ದವನ್ನು ತಗ್ಗಿಸುವ ಸಾಧನಕ್ಕೆ ಅಮೆರಿಕದಲ್ಲಿ ಹಕ್ಕುಪತ್ರವನ್ನು ಪಡೆದನು. ತಂದೆ ಲೋಕಕ್ಕೆ ಶಬ್ದವನ್ನು ಕೊಟ್ಟನು. ಮಗ ಅದಕ್ಕೆ ಮುಚ್ಚಳವನ್ನು ಕೊಟ್ಟನು. ತಂದೆಯ ಯಂತ್ರದ ಮುಂದೆ ನಿಂತವರಿಗೆ ಮಗನ ಮುಚ್ಚಳದಿಂದ ಏನೂ ಆಗಲಿಲ್ಲವೆಂಬುದು ಬೇರೆ ಮಾತು.

ಇನ್ನು ವಿಚಾರಕ್ಕೆ ಬರೋಣ. ಇಲ್ಲಿ ಮೊದಲನೆಯ ಪೂರ್ವಪಕ್ಷವೇನೆಂದರೆ: ಪ್ರಾಣಿಯನ್ನು ಕೊಲ್ಲುವುದೇ ಹಿಂಸೆಯಾಗಿರುವಾಗ ಕೊಲ್ಲುವ ಸಾಧನದ ತುದಿಯನ್ನು ಕುರಿತು ಧರ್ಮವಿಚಾರ ಮಾಡುವುದು ವ್ಯರ್ಥವಲ್ಲವೆ? ಬೇರು ಕೊಳೆತ ಮರದ ಎಲೆಗೆ ನೀರು ಚಿಮುಕಿಸಿದಂತಾಗಲಿಲ್ಲವೆ? ಈ ಆಕ್ಷೇಪಕ್ಕೆ ಬಲವುಂಟು. ಮನುವು ಬೇಟೆಯನ್ನು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಎಣಿಸಿದ್ದಾನೆ. ಆದರೆ ಮಹಾಭಾರತದ ವನಪರ್ವದಲ್ಲಿ ಮಾಂಸವನ್ನು ಮಾರುತ್ತಿದ್ದ ಮಿಥಿಲೆಯ ಧರ್ಮವ್ಯಾಧನು ಕೌಶಿಕನೆಂಬ ಬ್ರಾಹ್ಮಣನಿಗೆ ಹೇಳಿದ್ದನ್ನೂ ಮರೆಯಬಾರದು. ಉಳುವವನ ನೇಗಿಲಿಗೂ ನಡೆಯುವವನ ಕಾಲಿಗೂ ಸಿಕ್ಕಿ ಜೀವಗಳು ಸಾಯುತ್ತವೆ. ಹಿಂಸೆಯ ಲೇಪವೇ ಇಲ್ಲದ ಬದುಕು ಯಾರಿಗೂ ಇಲ್ಲ. ಯತ್ನದಿಂದ ಅದನ್ನು ಕಡಿಮೆಮಾಡಿಕೊಳ್ಳಬಹುದು ಎಂಬುದು ಆತನ ಉಪದೇಶದ ತಾತ್ಪರ್ಯ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ತೋಳಗಳು ನಿರ್ಮೂಲವಾಗಿ ಶತಮಾನಗಳು ಕಳೆದಿವೆ. ಅಲ್ಲಿ ಜಿಂಕೆಗಳು ಬೆಳೆದು ಎಳೆಯ ಗಿಡಗಳನ್ನೆಲ್ಲ ಮೇಯುವುದರಿಂದ ಅವುಗಳ ಸಂಖ್ಯೆಯನ್ನು ತಗ್ಗಿಸುವುದನ್ನೇ ವೃತ್ತಿಯಾಗಿ ಉಳ್ಳವರಿದ್ದಾರೆ. ಬೇಟೆಯು ನಿಂತಿಲ್ಲದ ದೇಶಗಳಲ್ಲಿ ಅದು ಹೇಗೆ ನಡೆಯಬೇಕೆಂದು ಕೇಳುವುದು ತಪ್ಪಾಗದು. ಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾರದವನು ಅದನ್ನು ಅಳತೆಯಿಲ್ಲದೆ ಮಾಡಬಹುದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎರಡನೆಯದು ಮಜಲ್ ಬ್ರೇಕಿನ ಪಕ್ಷದವರ ವಾದ. ಬಲವಾಗಿ ಒದೆಯುವ ಕೋವಿಯನ್ನು ಹಿಡಿದವನು ಗುಂಡು ಹಾರಿಸುವ ಕ್ಷಣದಲ್ಲಿ ತಿಳಿಯದೆಯೇ ಕಣ್ಣು ಮುಚ್ಚಿ, ಮೈ ಬಿಗಿಹಿಡಿಯುತ್ತಾನೆ. ಆಗ ಗುರಿ ತಪ್ಪಿ, ಎದೆಗೆ ತಾಗಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ತಾಗುತ್ತದೆ. ಪ್ರಾಣಿಯು ನರಳುತ್ತ ಪೊದೆಯನ್ನು ಸೇರಿ ಗಂಟೆಗಟ್ಟಲೆ ಸಂಕಟಪಟ್ಟು ಸಾಯುತ್ತದೆ. ಒದೆತವು ತಗ್ಗಿದರೆ ಕೈ ನಿಶ್ಚಲವಾಗುತ್ತದೆ, ಪ್ರಾಣಿಗೆ ಒಂದೇ ಏಟಿನಲ್ಲಿ ಬಿಡುಗಡೆಯಾಗುತ್ತದೆ. ಆದ್ದರಿಂದ ಬ್ರೇಕು ಹೆಗಲಿನ ಸುಖಕ್ಕಾಗಿ ಮಾತ್ರವಲ್ಲ, ಪ್ರಾಣಿದಯೆಗಾಗಿಯೂ ಬೇಕು ಎಂದು ಇವರು ಹೇಳುವರು. ಇದು ಸುಳ್ಳಲ್ಲ, ಇದರಲ್ಲಿ ಸತ್ಯಾಂಶವಿರುವುದರಿಂದಲೇ ಸಮಸ್ಯೆ ಕಠಿನವಾಗಿದೆ.

ಆದರೆ ಹೆಗಲಿನಿಂದ ಹೊರಟ ಆ ಬಾಧೆಯು ಎಲ್ಲಿಗೆ ಹೋಯಿತು? ಅದನ್ನು ಹುಡುಕಬೇಕು. ಮುಂದಕ್ಕೆ ಹೋಗಿ ಬಯಲಿನಲ್ಲಿ ಹರಡಬೇಕಾಗಿದ್ದ ಗಾಳಿ ಈಗ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರಿದ್ದಾರೆ? ದಾರಿತೋರಿಸಲು ಬಂದ ಕೂಲಿಯವನು, ಜೊತೆಗಾರನು, ಬೇಟೆಯ ನಾಯಿ. ಬರಿಯ ಬಾಯಿಯ ಕೋವಿಯೇ ಸುಮಾರು 160 ಡೆಸಿಬೆಲ್ಲಿನಷ್ಟು ಶಬ್ದಮಾಡುತ್ತದೆ. 140ನ್ನು ಮೀರಿದ ಒಂದೇ ಒಂದು ಸಿಡಿತವೂ ಕಿವಿಗೆ ಅಪಾಯಕರವೆಂದು ವೈದ್ಯರು ಗಣಿಸುತ್ತಾರೆ. ಈ ಅಳತೆಯಲ್ಲಿ 10 ಹೆಚ್ಚಿದರೆ ತೀವ್ರತೆಯು 10 ಪಟ್ಟು, 20 ಹೆಚ್ಚಿದರೆ 100 ಪಟ್ಟು ಹೆಚ್ಚಿತೆಂದು ಅರ್ಥ. ಬ್ರೇಕನ್ನು ತೊಡಿಸಿದರೆ ಹತ್ತಿರದಲ್ಲಿರುವವರ ಕಿವಿಗೆ ಇದರ ಮೇಲೂ ಇನ್ನಷ್ಟು ಡೆಸಿಬೆಲ್ಲುಗಳು ಸೇರುತ್ತವೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕೂದಲಿನಂತಹ ಸೂಕ್ಷ್ಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹೆಗಲಿನ ನೋವು ಎರಡು ದಿನದಲ್ಲಿ ಮಾಯುತ್ತದೆ. ಕಿವಿಯ ನಷ್ಟವು ಮರಣದವರೆಗೂ ಜೊತೆಗಿರುತ್ತದೆ. ಅಂದಮೇಲೆ ತಾತ್ಕಾಲಿಕವಾದ ತನ್ನ ನೋವನ್ನು ಕೊಟ್ಟು ಶಾಶ್ವತವಾದ ಪರರ ನಷ್ಟವನ್ನು ಕೊಂಡಂತಾಯಿತು. ಬೀಸುವ ದೊಣ್ಣೆಯನ್ನು ತಪ್ಪಿಸಿಕೊಂಡವನಿಗೆ ಸಾವಿರ ವರ್ಷ ಆಯುಸ್ಸೆಂದು ನಮ್ಮಲ್ಲಿ ಗಾದೆಯುಂಟು. ಆ ದೊಣ್ಣೆಯು ಹಿಂದೆ ನಿಂತಿದ್ದವನ ತಲೆಗೆ ತಾಗಿದರೆ ಅವನ ಆಯುಸ್ಸೇನಾಯಿತೆಂದು ಗಾದೆಯು ಹೇಳುವುದಿಲ್ಲ.

ಜೊತೆಗಾರನ ಕಿವಿಯೆಂಬುದು ಅಲ್ಪವಸ್ತುವೆಂದು ಯಾರೂ ತಿಳಿಯಬಾರದು. ಕುಮಾವೂನಿನ ನರಭಕ್ಷಕ ವ್ಯಾಘ್ರಗಳನ್ನು ಕೊಂದು ಹೆಸರಾದ ಜಿಮ್ ಕಾರ್ಬೆಟ್ಟರು ಕಾಡನ್ನು ಕಣ್ಣಿನಿಂದ ನೋಡಿದಷ್ಟೇ ಕಿವಿಯಿಂದಲೂ ಓದುತ್ತಿದ್ದವರು. ಕಡವೆಯ ಕೂಗು, ಲಂಗೂರದ ಎಚ್ಚರಿಕೆ, ಹಕ್ಕಿಯ ಕಿರುಚು ಇವೆಲ್ಲ ಹುಲಿಯಿರುವ ದಿಕ್ಕನ್ನು ಅವರಿಗೆ ತಿಳಿಸುತ್ತಿದ್ದುವು. ಅಂತಹವರ ಕಿವಿಯ ಬಳಿಯಲ್ಲಿ ಬೇರೊಬ್ಬರ ದೊಡ್ಡ ಕೋವಿಯು ಹಾರಿ ಕಿವಿಯ ತಮಟೆಗೆ ಪೆಟ್ಟಾಯಿತು. ಒಳಗೆ ಕೀವು ಕಟ್ಟಿತು. 1929ರಲ್ಲಿ ತಲ್ಲಾದೇಶದ ನರಭಕ್ಷಕವನ್ನು ಅರಸುತ್ತ ಹೋದಾಗ ಅವರು ಆ ವೇದನೆಯನ್ನು ಹೊತ್ತುಕೊಂಡೇ ಬೆಟ್ಟಗಳನ್ನು ಹತ್ತಿಳಿಯಬೇಕಾಯಿತು. ಒಂದು ಕಿವಿ ಕೇಳದವನಿಗೆ ಶಬ್ದವು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಕಷ್ಟ. ನರಭಕ್ಷಕವಿರುವ ಕಾಡಿನಲ್ಲಿ ದಿಕ್ಕು ತಪ್ಪುವುದೆಂದರೆ ಪ್ರಾಣವೇ ತಪ್ಪುವುದೆಂದರ್ಥ. ಕಾರ್ಬೆಟ್ಟರು ತಮ್ಮ ಕಥೆಯನ್ನು ತಾವೇ ಬರೆದಿಟ್ಟರು. ಬೇಟೆಗಾರರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಿವಿ ಕಳೆದುಕೊಂಡ ದಾರಿಗಾರರ ಕಥೆಯನ್ನು ಬರೆದವರಾರು? ದಕ್ಷಿಣ ಆಫ್ರಿಕದ ಕಡೆಯ ವೃತ್ತಿಬೇಟೆಗಾರರಲ್ಲಿ ಅನೇಕರು, ತಮ್ಮೊಡನೆ ಬರುವ ಧನಿಕರು ಬ್ರೇಕು ತೊಡಿಸಿದ ಕೋವಿಯನ್ನು ತರಬಾರದೆಂದು ಕೇಳಿಕೊಳ್ಳುವುದು ಈ ಕಾರಣದಿಂದಲೇ.

ಇದಕ್ಕೆ ಬ್ರೇಕಿನ ಪಕ್ಷದವರು, ಎಲ್ಲರೂ ಕಿವಿಗೆ ರಕ್ಷೆಯನ್ನು ಧರಿಸಲಿ, ಅಲ್ಲಿಗೆ ತೀರಿತು ಎನ್ನಬಹುದು. ಜರ್ಮನಿಯಲ್ಲಿ ಇಂತಹುದೇ ವಾದವು ನ್ಯಾಯಾಲಯದ ಮೆಟ್ಟಲನ್ನು ಹತ್ತಿತು. ಬೇಟೆಗಾರನಿಗೆ ಸೈಲೆನ್ಸರಿನ ಅವಶ್ಯಕತೆಯಿಲ್ಲ, ಕಿವಿಗೆ ರಕ್ಷೆಯನ್ನು ಹಾಕಿಕೊಂಡರೆ ಸಾಕು ಎಂದು ಲೈಪ್ಸಿಗ್ ನಗರದಲ್ಲಿರುವ ಆ ದೇಶದ ಉನ್ನತ ಆಡಳಿತ ನ್ಯಾಯಾಲಯವು 2018ರಲ್ಲಿ ತೀರ್ಪುಕೊಟ್ಟಿತು. ಆದರೆ 2020ರಲ್ಲಿ ಶಾಸನಸಭೆಯು ಕಾಯಿದೆಯನ್ನೇ ತಿದ್ದಿ ಬೇಟೆಗಾರರಿಗೆ ಅದನ್ನು ದೊರಕಿಸಿತು. ನ್ಯಾಯಾಲಯದ ಮಾತು ಹಾರಿಸುವವನ ಮಟ್ಟಿಗೆ ಸರಿ. ಆದರೆ ಕಿವಿಯ ರಕ್ಷೆಯು ಧರಿಸಿದವನನ್ನು ಮಾತ್ರ ಕಾಯುತ್ತದೆ. ನಾಯಿಗೆ ಅದನ್ನು ಯಾರು ತೊಡಿಸುವರು? ಬೇಲಿಯಾಚೆ ಹೊಲದಲ್ಲಿರುವವನಿಗೆ ಮುಂಚಿತವಾಗಿ ಹೇಳಿ ಬರುವವರಾರು? ಇದಲ್ಲದೆ, ಕಾಡಿನ ಸದ್ದನ್ನು ಆಲಿಸುತ್ತ ಕುಳಿತವನು ರಕ್ಷೆಯನ್ನು ತೆಗೆದಿಟ್ಟಿರುವುದೂ, ಪ್ರಾಣಿಯು ಥಟ್ಟನೆ ಕಂಡಾಗ ಅದನ್ನು ಮರೆಯುವುದೂ ಮನುಷ್ಯಸ್ವಭಾವ.

ನಮ್ಮ ಪೂರ್ವಿಕರು ಬಿಲ್ಲಿನ ವಿಷಯದಲ್ಲಿ ಅನುಸರಿಸಿದ ಕ್ರಮವನ್ನು ಇಲ್ಲಿ ನೆನೆಯಬಹುದು. ಹೆದೆಯು ಮರಳಿ ಬಡಿದು ಬಿಲ್ಲುಗಾರನ ತೋಳನ್ನು ಕೊಯ್ಯುತ್ತಿತ್ತು. ಅದಕ್ಕೆಂದು ತೋಳಿಗೂ ಬೆರಳಿಗೂ ಉಡದ ಚರ್ಮದ ರಕ್ಷೆಯನ್ನು ಕಟ್ಟಿಕೊಳ್ಳುತ್ತಿದ್ದರು. ರಾಮಲಕ್ಷ್ಮಣರು ಹೀಗೆ ಗೋಧಾಂಗುಲಿತ್ರಾಣಗಳನ್ನು ಕಟ್ಟಿ ಹೊರಟುದನ್ನು ರಾಮಾಯಣವನ್ನು ಓದಿದವರೆಲ್ಲ ಬಲ್ಲರು. ಆ ಚರ್ಮವು ಏಟನ್ನು ತಾನು ನುಂಗಿತೇ ಹೊರತು ಪಕ್ಕದವನ ಕಡೆಗೆ ತಿರುಗಿಸಲಿಲ್ಲ. ಇದರಿಂದ ನಮಗೆ ಒಂದು ವಿವೇಕಸೂತ್ರವು ದೊರೆಯುತ್ತದೆ. ದುಃಖವನ್ನು ನಾಶಮಾಡುವುದು ಬೇರೆ, ದುಃಖವನ್ನು ಸಂಕ್ರಮಣಗೊಳಿಸುವುದು ಬೇರೆ. ಎರಡರಲ್ಲಿಯೂ ಹಾರಿಸಿದವನ ಹೆಗಲಿಗೆ ಸುಖವು ಒಂದೇ ಸಮನಾಗಿ ತೋರುವುದರಿಂದ ಹೆಗಲನ್ನು ಕೇಳಿ ಪ್ರಯೋಜನವಿಲ್ಲ; ಪಕ್ಕದವನನ್ನು ಕೇಳಬೇಕು.

ಹಾಗಾದರೆ ಸೈಲೆನ್ಸರೇ ನಿರ್ದೋಷವೆ? ಇಲ್ಲಿ ಮೂರನೆಯ ಪೂರ್ವಪಕ್ಷವು ಏಳುತ್ತದೆ. ಕೊಲೆಯು ಸದ್ದಿಲ್ಲದೆ ನಡೆಯುವುದು ಕಳ್ಳತನದ ಲಕ್ಷಣ. ಮಾಡಿದ ಕೆಲಸವು ಊರಿಗೆ ಕೇಳಲಿ. ಕೇಳಿಸಬಾರದೆಂದು ಬಾಯಿಕಟ್ಟುವವನ ಮನಸ್ಸಿನಲ್ಲಿ ಏನೋ ಉಂಟು ಎಂಬುದು ಆ ಆಕ್ಷೇಪ. ರಾಜ್ಯಗಳೂ ಈ ಸಂಶಯವನ್ನು ಲಘುವಾಗಿ ಎಣಿಸಲಿಲ್ಲ. ಅಮೆರಿಕದಲ್ಲಿ 1934ರ ಕಾಯಿದೆಯು ಒಂದೊಂದು ಸೈಲೆನ್ಸರಿಗೂ 200 ಡಾಲರುಗಳ ತೆರಿಗೆಯನ್ನೂ ನೋಂದಣಿಯನ್ನೂ ವಿಧಿಸಿತು. 2026ರ ಜನವರಿ 1ರಿಂದ ತೆರಿಗೆಯು ಶೂನ್ಯವಾಯಿತು, ನೋಂದಣಿಯು ಉಳಿಯಿತು. ನಮ್ಮ 1959ರ ಶಸ್ತ್ರ ಕಾಯಿದೆಯಲ್ಲಿ ಕೋವಿಯ ಶಬ್ದವನ್ನಾಗಲಿ ಮಿಂಚನ್ನಾಗಲಿ ತಗ್ಗಿಸಲು ಮಾಡಿದ ಸಾಧನವನ್ನು ಕೋವಿಯೆಂಬ ಪದದ ಅರ್ಥದೊಳಗೇ ಸೇರಿಸಿದ್ದಾರೆ. ಇದಕ್ಕೆ ವ್ಯತ್ಯಸ್ತವಾಗಿ ನಾರ್ವೆ, ನ್ಯೂಜಿಲೆಂಡ್ ಮೊದಲಾದ ದೇಶಗಳಲ್ಲಿ ಬೇಟೆಗಾರರು ಅದನ್ನು ಸಾಮಾನ್ಯ ಉಪಕರಣದಂತೆ ಬಳಸುತ್ತಾರೆ. ನೆರೆಯವರ ನೆಮ್ಮದಿಗೆ ಅದೇ ಮರ್ಯಾದೆಯೆಂದು ಎಣಿಸುವವರೂ ಉಂಟು.

ಈ ಸಂಶಯವನ್ನು ತೂಗಿನೋಡೋಣ. ಸಿನಿಮಾದಲ್ಲಿ ಕೇಳುವಂತೆ ಸೈಲೆನ್ಸರು ಕೋವಿಯನ್ನು ಮೂಕಮಾಡುವುದಿಲ್ಲ. ಅದು ತಗ್ಗಿಸುವುದು 20ರಿಂದ 35 ಡೆಸಿಬೆಲ್ಲುಗಳಷ್ಟು. ಉಳಿಯುವುದು 130ರ ಆಸುಪಾಸು. ಇದಲ್ಲದೆ ಗುಂಡು ಸೆಕೆಂಡಿಗೆ 800 ಮೀಟರುಗಳಿಗಿಂತಲೂ ಹೆಚ್ಚು ವೇಗದಿಂದ ಹೋಗುತ್ತದೆ. ಶಬ್ದದ ವೇಗವಾದರೋ ಸುಮಾರು 340 ಮೀಟರು. ಶಬ್ದವನ್ನು ಮೀರಿ ಹೋಗುವ ಗುಂಡು ಗಾಳಿಯನ್ನು ಸೀಳಿ ತಾನೇ ಚಟೀರೆಂದು ಸದ್ದುಮಾಡುತ್ತದೆ. ನಳಿಗೆಯ ಬಾಯಿಗೆ ಕಟ್ಟಿದ ಯಾವ ಸಾಧನವೂ ಅದನ್ನು ತಡೆಯಲಾರದು. ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಗುಂಡು ಶಬ್ದಕ್ಕಿಂತ ಮೊದಲೇ ಮುಟ್ಟುವುದರಿಂದ, ಅದು ತಾಗಿದ ಪ್ರಾಣಿಗೆ ಕೋವಿಯ ಗರ್ಜನೆಯು ಎಂದಿಗೂ ಎಚ್ಚರಿಕೆಯಾಗಿರಲಿಲ್ಲ. ಆ ಸದ್ದು ಉಳಿದವರಿಗಾಗಿ ಮಾತ್ರ.

ಹಾಗೆಂದು ಆಕ್ಷೇಪವು ಪೂರ್ತಿಯಾಗಿ ಬಿದ್ದುಹೋಗಲಿಲ್ಲ. ಗುಂಡಿನ ಚಟೀರೆಂಬ ಸದ್ದು ಕೇಳಿದರೂ ಅದು ಎಲ್ಲಿಂದ ಹೊರಟಿತೆಂದು ತಿಳಿಯುವುದು ಕಷ್ಟವಾಗುತ್ತದೆ. ಕದ್ದು ಬೇಟೆಯಾಡುವವನಿಗೆ ಇದು ಅನುಕೂಲ, ಕಾವಲುಗಾರನಿಗೆ ಅನನುಕೂಲ. ಗರ್ಜನೆಯನ್ನು ಕೇಳಿ ಅತ್ತ ಹೋಗದಿರುತ್ತಿದ್ದ ದಾರಿಹೋಕನಿಗೂ ಒಂದು ಸೂಚನೆ ಕಡಿಮೆಯಾಯಿತು. ಆದ್ದರಿಂದ ರಾಜ್ಯವು ನೋಂದಣಿಯನ್ನು ಕೇಳಿದರೆ ಅದನ್ನು ಅನ್ಯಾಯವೆನ್ನಲಾಗದು. ಸಾಧನವನ್ನು ತೊಟ್ಟವನಿಗೆ ಹೊಣೆಯೂ ಹೆಚ್ಚುತ್ತದೆ. ಈ ಹೊಣೆಯು ಏನೆಂಬುದನ್ನು ದಶರಥನ ಕಥೆಯಿಂದ ತಿಳಿಯಬಹುದು. ಸರಯೂತೀರದ ಕತ್ತಲೆಯಲ್ಲಿ ಮುನಿಕುಮಾರನು ಕೊಡಕ್ಕೆ ನೀರು ತುಂಬುತ್ತಿದ್ದ ಸದ್ದನ್ನು ಆನೆಯ ಸದ್ದೆಂದು ತಿಳಿದು ಅವನು ಶಬ್ದವೇಧಿಯಾದ ಬಾಣವನ್ನು ಬಿಟ್ಟನು. ಅಲ್ಲಿ ಬಿಲ್ಲು ಸದ್ದುಮಾಡಿತೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ನೋಡದೆ ಹೊಡೆದನೆಂಬುದೇ ದೋಷ. ಜೈನಾಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು ಮುಂದಿಟ್ಟುದು ಇದಕ್ಕಾಗಿಯೇ. ಸಾಧನವು ಸದ್ದನ್ನು ತಗ್ಗಿಸಿದಷ್ಟೂ ಕಣ್ಣು ಹೆಚ್ಚು ತೆರೆದಿರಬೇಕು.

ಕಡೆಯದಾಗಿ, ಇನ್ನೊಂದು ಸೂಕ್ಷ್ಮವಾದ ಆಕ್ಷೇಪವುಂಟು. ಕೊಲ್ಲುವವನ ಹೆಗಲಿಗೆ ಒದೆತ, ಕಿವಿಗೆ ಆಘಾತ ಇರುವುದೇ ಯುಕ್ತ. ಜೀವ ತೆಗೆಯುವುದು ಸುಲಭವಾದಷ್ಟೂ ಅದು ಪದೇ ಪದೇ ನಡೆಯುತ್ತದೆ. ಆ ನೋವು ಒಂದು ಬಗೆಯ ದಂಡವಾಗಿ ಉಳಿಯಲಿ ಎಂಬುದು. ಈ ಮಾತಿನ ಪೂರ್ವಾರ್ಧವನ್ನು ನಾನು ಒಪ್ಪುತ್ತೇನೆ, ಉತ್ತರಾರ್ಧವನ್ನು ಒಪ್ಪುವುದಿಲ್ಲ. ನನ್ನ ಹೆಗಲು ಕಂದಿತೆಂದು ಜಿಂಕೆಗೆ ಬಂದ ಲಾಭವೇನು? ಯಾರಿಗೂ ಒಳ್ಳೆಯದಾಗದ ನೋವು ಪ್ರಾಯಶ್ಚಿತ್ತವಾಗುವುದಿಲ್ಲ. ಅದೇ ದಶರಥನನ್ನು ಕಾಳಿದಾಸನು ರಘುವಂಶದ ಒಂಬತ್ತನೆಯ ಸರ್ಗದಲ್ಲಿ ಬೇಟೆಗೆ ಕರೆದೊಯ್ಯುತ್ತಾನೆ. ಅಲ್ಲಿ ಗುರಿಯಿಟ್ಟ ಗಂಡುಜಿಂಕೆಗೆ ಅದರ ಸಂಗಾತಿಯು ಅಡ್ಡಬಂದು ನಿಂತುದನ್ನು ಕಂಡು, ಕಿವಿಯವರೆಗೆ ಎಳೆದಿದ್ದ ಹೆದೆಯನ್ನು ದೊರೆಯು ಸಡಿಲಿಸುತ್ತಾನೆ. ಹೆದೆಯು ತೋಳನ್ನು ಕೊಯ್ದೀತೆಂಬ ಭಯದಿಂದ ಅವನು ಬಾಣವನ್ನು ಹಿಂತೆಗೆಯಲಿಲ್ಲ, ಕರುಣೆಯಿಂದ ಹಿಂತೆಗೆದನು. ನಮ್ಮ ಕೈಯನ್ನು ತಡೆಯತಕ್ಕದ್ದು ಆ ಕರುಣೆ. ಒದೆತಕ್ಕೆ ಹೆದರಿ ಸುಮ್ಮನಿದ್ದವನನ್ನು ದಯಾಳುವೆಂದು ಕರೆಯಲಾಗದು.

ಹೀಗೆ ವಿಚಾರಮಾಡಿ ನಾನು ಆ ವಿದ್ಯಾರ್ಥಿಗೆ ಬರೆದ ಉತ್ತರದ ಸಾರವಿಷ್ಟು. ಕೋವಿಯ ಬಾಯಿಗೆ ಏನನ್ನು ತೊಡಿಸಲೆಂದು ಕೇಳುವುದಕ್ಕೆ ಮೊದಲು, ಅಷ್ಟು ಒದೆಯುವ ಕೋವಿ ಏತಕ್ಕೆ ಬೇಕೆಂದು ಕೇಳಿಕೋ. ಕಾರ್ಬೆಟ್ಟರು ಅನೇಕ ಸಂದರ್ಭಗಳಲ್ಲಿ ನಂಬಿದ್ದುದು .275ರ ಸಣ್ಣ ರಿಗ್ಬಿ ಕೋವಿಯನ್ನು. ಜಿಂಕೆಗೆ ಅದಕ್ಕಿಂತ ದೊಡ್ಡದು ಬೇಕಾಗಿಲ್ಲ. ಬಹಳ ಸಲ ಒದೆತವೆಂಬುದು ಬೇಟೆಗಾರನ ಹೆಮ್ಮೆಯ ಪ್ರತಿಧ್ವನಿ; ಹೆಮ್ಮೆಯನ್ನು ಇಳಿಸಿದರೆ ಒದೆತವೂ ಇಳಿಯುತ್ತದೆ, ಪ್ರಾಣಿದಯೆಯ ವಾದಕ್ಕೂ ಸಮಾಧಾನ ದೊರೆಯುತ್ತದೆ. ಆ ಮೇಲೂ ಸಾಧನವು ಬೇಕಾದರೆ, ಕಾನೂನು ಒಪ್ಪಿದ ಕಡೆ ಸೈಲೆನ್ಸರನ್ನು ಆರಿಸು. ಅದರ ಬೆಲೆಯನ್ನು ನಿನ್ನ ಹಣ, ನಿನ್ನ ತೋಳು, ನಿನ್ನ ತಾಳ್ಮೆಗಳೇ ತೆರುತ್ತವೆ. ಲಾಭವು ಪಕ್ಕದವನಿಗೂ ನಾಯಿಗೂ ಹಳ್ಳಿಗೂ ಹಂಚಿಹೋಗುತ್ತದೆ. ಆಗಲೂ ಕಿವಿಗೆ ರಕ್ಷೆಯನ್ನು ಬಿಡಬೇಡ. ಕಾನೂನು ಒಪ್ಪದ ಕಡೆ ಬರಿಯ ಬಾಯಿಯೇ ಇರಲಿ. ನಿನ್ನ ಕಿವಿಗೂ ಜೊತೆಗಾರನ ಕಿವಿಗೂ ಸೇರಿಸಿ ಎರಡು ಜೊತೆ ರಕ್ಷೆಗಳನ್ನು ಕೊಂಡುಹೋಗು. ಬ್ರೇಕನ್ನು ತೊಡಿಸುವುದಾದರೆ, ನಿನ್ನ ಕಿವಿಯನ್ನು ಮುಚ್ಚಿ, ಪಕ್ಕದಲ್ಲಿ ಯಾವ ಜೀವವೂ ಇಲ್ಲದಾಗ ಮಾತ್ರ ಹಾರಿಸು.

ಕೋವಿಯ ಮಾತು ಇಲ್ಲಿಗೆ ಮುಗಿಯಿತು. ಅದರಿಂದ ದೊರೆತ ಸೂತ್ರವು ಮಾತ್ರ ಮನೆಮನೆಗೂ ಸಲ್ಲತಕ್ಕದ್ದು. ವಿದ್ಯುತ್ತು ಹೋದಾಗ ಅಂಗಡಿಯವನು ಜನರೇಟರನ್ನು ಹಚ್ಚಿ ಅದರ ಹೊಗೆಯ ಕೊಳವೆಯನ್ನು ಬೀದಿಯ ಕಡೆಗೆ ತಿರುಗಿಸುತ್ತಾನೆ. ಮದುವೆಯ ಮನೆಯವರು ಸಂತೋಷವನ್ನು ತಾವು ಇಟ್ಟುಕೊಂಡು ಧ್ವನಿವರ್ಧಕವನ್ನು ಪಕ್ಕದ ಮನೆಯ ರೋಗಿಗೆ ಕೊಡುತ್ತಾರೆ. ಅಂಗಳವನ್ನು ಗುಡಿಸುವವರು ಕಸವನ್ನು ನೆರೆಮನೆಯ ಎಲ್ಲೆಯವರೆಗೆ ತಳ್ಳಿ ಶುದ್ಧವಾಯಿತೆಂದು ಒಳಗೆ ಹೋಗುತ್ತಾರೆ. ಇವರಾರೂ ಕ್ರೂರಿಗಳಲ್ಲ. ತಮ್ಮ ಬಾಧೆಯು ಹೋಯಿತೆಂಬುದನ್ನು ಕಂಡರು; ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ, ಅಷ್ಟೆ. ಹೊಸದಾದ ಯಾವ ಸೌಕರ್ಯವನ್ನು ಮನೆಗೆ ತರುವಾಗಲಾದರೂ ಈ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವು ನಮ್ಮ ಮಕ್ಕಳಿಗೆ ಬಂದರೆ, ಅವರು ಓದಿದ ನೀತಿಶಾಸ್ತ್ರವು ಸಾರ್ಥಕವಾಯಿತೆಂದು ತಿಳಿಯಬಹುದು.